ಮೊದಲ ಮನೆಯ ಹರಿವಾಣ

ಕುಂದಾಪುರದ ಕಡೆಯ ಒಂದು ಮೀನುಗಾರರ ಕೇರಿ. ಒಂದೇ ಸಾಲಿನ ಮನೆಗಳು… ಮುಂದೆ ಮರಳು, ಮರಳಿನಾಚೆ ಕಡಲು.

ಆ ಕೇರಿಯಲ್ಲಿ ಹಿಂದೆ ಒಂದು ಪದ್ಧತಿಯಿತ್ತು.

ತೂಫಾನಿನ ದಿನ ಹೊತ್ತು ಮುಳುಗುವಾಗ, ಕಡಲಿಗೆ ತೀರ ಹತ್ತಿರದ ಮೊದಲ ಮನೆಯವರು ಜಗಲಿಯಲ್ಲಿ ಕೂತು ಕಂಚಿನ ಹರಿವಾಣಕ್ಕೆ ಸೌಟಿನಿಂದ ಬಡಿಯಬೇಕು… ನಾವಿದ್ದೇವೆ, ನೀವಿದ್ದೀರಾ ಎಂದು ಅದರ ಅರ್ಥ.

ಪಕ್ಕದ ಮನೆಯವರು ತಮ್ಮ ಹರಿವಾಣ ಬಡಿದು ಉತ್ತರ ಕೊಡಬೇಕು. ಆಮೇಲೆ ಅವರ ಪಕ್ಕದವರು… ಹೀಗೆ ಕೊನೆಯ ಮನೆಯವರೆಗೆ.

ಯಾವ ಮನೆ ಸುಮ್ಮನಿತ್ತೋ, ಆ ಮನೆಗೆ ಗಂಡಸರು ಹಗ್ಗ ಹಿಡಿದು ಓಡುತ್ತಿದ್ದರು.

ಎಲ್ಲರ ಉತ್ತರ ಬರುವ ತನಕ ಮೊದಲ ಮನೆಯವರು ಬಾಗಿಲು ಹಾಕುವಂತಿಲ್ಲ, ಜಾಗ ಬಿಟ್ಟು ಏಳುವಂತಿಲ್ಲ. ಅದು ಆ ಮನೆಯ ಮರ್ಯಾದೆ.

ಪಕ್ಕದ ಮನೆಯ ವಾರಿಜಳಿಗೆ ಆ ಸದ್ದೆಂದರೆ ಬಾಲ್ಯ. ಸೌಟು ತನಗೇ ಬೇಕೆಂದು ತಮ್ಮನೊಡನೆ ಜಗಳ… ಕುದಿಯುವ ಕುಚ್ಚಲಕ್ಕಿ ಗಂಜಿ, ಕೆಂಡದ ಮೇಲೆ ಸುಟ್ಟ ಒಣಮೀನಿನ ವಾಸನೆ…

ಸದ್ದು ಕೇರಿಯ ತುದಿ ಮುಟ್ಟಿದ ಮೇಲೆ ಅವಳನ್ನು ಹೆತ್ತ ಅಬ್ಬಿ ಹೇಳುತ್ತಿದ್ದಳು, "ಕೊನಿ ಮನಿದೂ ಆಯ್ತ್. ಇನ್ ಉಣ್ಲಕ್."

ಹೊರಗೆ ಗಾಳಿ ಹಂಚು ಹಾರಿಸುತ್ತಿದ್ದರೂ, ಇನ್ನು ಉಣ್ಣಬಹುದೆಂಬ ಆ ಮಾತು ಕೇಳಿದ ಮೇಲೆ ವಾರಿಜಳಿಗೆ ಹೆದರಿಕೆ ಆಗುತ್ತಿರಲಿಲ್ಲ.

ಕಾಲ ಹೋಯಿತು. ಅಬ್ಬಿಯೂ ಹೋದಳು. ಹರಿವಾಣ ಅಟ್ಟ ಸೇರಿತು.

ಕೇರಿಗೆ ಆರ್‌ಸಿಸಿ ಮನೆಗಳು ಬಂದವು, ವಾಟ್ಸಾಪ್ ಗ್ರೂಪ್ ಬಂತು. ತೂಫಾನು ಎದ್ದರೆ ಒಬ್ಬೊಬ್ಬರೂ 'ಸೇಫ್' ಎಂದು ಹಾಕಿದರೆ ಮುಗಿಯಿತು.

ಮೊದಲ ಮನೆಯ ಬಾಗಿ ಅಜ್ಜಿಯ ಬಳಿ ಮಾತ್ರ ಫೋನ್ ಇರಲಿಲ್ಲ. ಪ್ರತಿ ತೂಫಾನಿಗೂ ಅಜ್ಜಿ ಹರಿವಾಣ ಬಡಿಯುತ್ತಲೇ ಇದ್ದಳು… ಒಬ್ಬಳೇ.

ಅಜ್ಜಿಗೆ ಅರಳುಮರಳು ಎಂದು ಕೇರಿ ನಗುತ್ತಿತ್ತು. ವಾರಿಜಳೂ ಕಿಟಕಿ ಮುಚ್ಚಿ ಟಿವಿ ಸೌಂಡ್ ಜಾಸ್ತಿ ಮಾಡಿದ್ದುಂಟು.

ಆದರೆ ಈ ಸಲದ ತೂಫಾನು ಬೇರೆಯೇ ಇತ್ತು.

ಮಧ್ಯಾಹ್ನವೇ ಕರೆಂಟ್ ಹೋಯಿತು, ಸಂಜೆಗೆ ಟವರ್ ಕೂಡ. ಕೇರಿಯವರನ್ನೆಲ್ಲ ಶಾಲೆಯ ಕಾಳಜಿ ಕೇಂದ್ರಕ್ಕೆ ಒಯ್ಯಲು ಟೆಂಪೋ ಬಂದು ನಿಂತಿತು.

ಎಲ್ಲರೂ ಹತ್ತಿದರು… ಬಾಗಿ ಅಜ್ಜಿಯೊಬ್ಬಳನ್ನು ಬಿಟ್ಟು.

"ಅಜ್ಜಿ ಬತ್ತಿಲ್ಲೆ ಅಂತ್ರ್. ಎತ್ಕಂಡ್ ಬಪ್ಪುಕ್ ಹೋದ್ರೆ ಸೌಟಂಗೆ ನಂಗೇ ಒಂದ್ ಬಿಟ್ರ್," ಎಂದ ಟೆಂಪೋದ ಗಣಪ, ಮೊಣಕೈ ಉಜ್ಜಿಕೊಳ್ಳುತ್ತಾ.

"ಆ ಹಂಚಿನ್ ಮನಿ ಮೇಲ್ ಎಂತಾ ಆಸೆಯೋ," ಎಂದಳು ಕೊನೆಯ ಮನೆಯ ಗುಲಾಬಿ.

ವಾರಿಜ ಇಳಿದು ಹೋದಳು. ಅಜ್ಜಿಯ ಅಂಗಳದಲ್ಲಿ ಆಗಲೇ ಕಡಲಿತ್ತು. ಅಲೆ ಬಂದು ಜಗಲಿಯ ಮೆಟ್ಟಿಲು ನೆಕ್ಕಿ ಹೋಗುತ್ತಿತ್ತು.

ಅಜ್ಜಿ ಜಗಲಿಯಲ್ಲಿ ಕೂತು ಹರಿವಾಣಕ್ಕೆ ಬಡಿಯುವುದು… ಕೇರಿಯ ಕಡೆಗೆ ಕತ್ತು ತಿರುಗಿಸಿ ಸುಮ್ಮನಾಗುವುದು… ಮತ್ತೆ ಬಡಿಯುವುದು.

"ಅಜ್ಜೀ, ಹೊರ್ಡಿ. ಕಡ್ಲ್ ಅಂಗ್ಳಕ್ ಬಂತ್ ಕಾಣಿ."

"ಎಂತ ಹೇಳ್ದೆ? ಗಟ್ಟಿ ಹೇಳ್ ಹೆಣೆ."

ವಾರಿಜ ಅಜ್ಜಿಯ ಕಿವಿಗೆ ಬಾಯಿಟ್ಟು ಕೂಗಿದಳು, "ಎಂತಕ್ ಕೂಕಂಡಿದ್ರಿ ಇಲ್ಲ್?"

ಅಜ್ಜಿಗೆ ನಾಚಿಕೆಯಾದಂತಿತ್ತು. ತಲೆ ತಗ್ಗಿಸಿ ಹೇಳಿದಳು…

"ಎಲ್ಲಾ ಮನಿದ್ ಆಯ್ತೋ ಇಲ್ಯೋ ಗೊತ್ತಾತಿಲ್ಲೆ ಮಗಾ. ನನ್ ಕೆಮಿ ಹೋಯ್ತ್. ನೀವೆಲ್ಲಾ ಬಡಿತ್ರಿ, ನಂಗೇ ಕೇಂತಿಲ್ಲೆ. ಅದ್ಕೇ ಪ್ರತಿ ಸಲ ಬೆಳಗಾಪಲ್ಲಿವರೆಗೂ ಕೂಕಂತೆ… ಯಾರ್ ಮನಿಯಾರೂ ಬಾಕಿ ಆದ್ರೆ?"



ಕೇರಿ ಉತ್ತರ ಕೊಡುವುದನ್ನು ನಿಲ್ಲಿಸಿ ಎಷ್ಟೋ ವರ್ಷಗಳಾಗಿದ್ದವು. ಅಜ್ಜಿಗೆ ಅದು ಗೊತ್ತೇ ಇರಲಿಲ್ಲ.

ಸದ್ದು ಬಾರದಾಗಲೆಲ್ಲ ಅಜ್ಜಿ ಬೈದುಕೊಂಡಿದ್ದು ತನ್ನ ಕಿವಿಯನ್ನು… ಕೇರಿಯನ್ನಲ್ಲ.

ಯಾರೂ ಬಡಿಯುವುದಿಲ್ಲ ಎಂದು ಹೇಳಿಬಿಡಬಹುದಿತ್ತು.

ಅದರ ಬದಲು ವಾರಿಜ ಮನೆಗೆ ಓಡಿದಳು. ಅಟ್ಟ ಹತ್ತಿ, ಕಿಲುಬು ಹಿಡಿದ ಹರಿವಾಣವನ್ನು ಎಳೆದು ತೆಗೆದಳು. ಅಲ್ಲಿಂದ ಟೆಂಪೋದ ಬಳಿಗೆ…

"ಗುಲಾಬಕ್ಕ, ಇಳೀನಿ. ಎಲ್ಲಾರೂ ಇಳೀನಿ. ತಟ್ಟೆ, ಪಾತ್ರೆ, ಕೈಗ್ ಸಿಕ್ಕಿದ್ದ್ ತಕಣಿ."

"ಅಜ್ಜಿ ಮರ್ಲ್ ನಿಂಗೂ ಹಿಡೀತಾ?"

ಅಜ್ಜಿ ಹೇಳಿದ್ದನ್ನು ವಾರಿಜ ಹಾಗೆಯೇ ಹೇಳಿದಳು.

ಗುಲಾಬಿ ಮೊದಲು ಇಳಿದಳು. ಅವಳ ಹಿಂದೆ ಉಳಿದ ಹೆಂಗಸರೂ.

ಜಗಲಿಯಲ್ಲಿ ವಾರಿಜ ಅಜ್ಜಿಯ ಅಂಗೈ ಹಿಡಿದು ತಾನು ತಂದ ಹರಿವಾಣದ ಅಂಚಿನ ಮೇಲಿಟ್ಟಳು. ಸೌಟೆತ್ತಿ ಬಡಿದಳು.

ಕಂಚು ನಡುಗಿತು. ಆ ನಡುಕ ಅಜ್ಜಿಯ ಕೈಗೆ ಹರಿಯಿತು.

ಅಜ್ಜಿ ಕಣ್ಣು ಮುಚ್ಚಿದಳು. "ಇದ್ ನಿನ್ನಬ್ಬಿ ಹರಿವಾಣ… ಅಲ್ದಾ?"

ವಾರಿಜ ತಲೆಯಾಡಿಸಿದಳು. ಕಣ್ಣೊರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ.

ಒಬ್ಬೊಬ್ಬರಾಗಿ ಬಂದರು. ಒಬ್ಬಳು ಸ್ಟೀಲ್ ತಟ್ಟೆ, ಒಬ್ಬಳು ಕುಕ್ಕರ್ ಮುಚ್ಚಳ… ಅಜ್ಜಿ ಒಂದೊಂದಕ್ಕೂ ಒಂದೊಂದು ಬೆರಳು ಮಡಚಿದಳು.

"ಇದೆಂತ ತಟ್ಟೆ, ಜೀವವೇ ಇಲ್ಲೆ?" ಎಂದಳು ಗುಲಾಬಿಯ ತಟ್ಟೆ ಮುಟ್ಟಿ.

ಗುಲಾಬಿ ಅಳುತ್ತಲೇ ನಕ್ಕಳು. "ಆಫರಂಗ್ ಸಿಕ್ಕಿದ್ದ್ ಅಜ್ಜಿ," ಎಂದು ಇನ್ನೊಮ್ಮೆ ಜೋರಾಗಿ ಬಡಿದಳು.

ಕೊನೆಯ ಮನೆಯ ಬೆರಳೂ ಮಡಚಿತು.

ಅಜ್ಜಿ ತಾನಾಗಿಯೇ ಎದ್ದಳು. ಬಾಗಿಲೆಳೆದು ಚಿಲಕ ಹಾಕಿದಳು. ಹರಿವಾಣವನ್ನು ಕಂಕುಳಲ್ಲಿಟ್ಟುಕೊಂಡು, ವಾರಿಜಳ ಹೆಗಲು ಹಿಡಿದು ನೀರಿಗಿಳಿದಳು.

"ಕೊನಿ ಮನಿದೂ ಆಯ್ತ್… ಇನ್ ಉಣ್ಲಕ್."

ಅದೇ ಮಾತು. ಎಷ್ಟೋ ವರ್ಷಗಳ ಮೇಲೆ… ಆ ಗಾಳಿಯಲ್ಲೂ ವಾರಿಜಳ ಹೆದರಿಕೆ ಇಳಿದುಹೋಯಿತು.

ಬೆಳಗಾದಾಗ ಆ ಜಗಲಿ ಇರಲಿಲ್ಲ.

ಅಜ್ಜಿ ಇದ್ದಳು.

🙏

ಉತ್ತರ ಬಾರದಿದ್ದರೆ ನಾವು ಎದುರಿನವರನ್ನು ಅನುಮಾನಿಸುತ್ತೇವೆ… ಪ್ರೀತಿಸುವವರು ತಮ್ಮ ಕಿವಿಯನ್ನು ಅನುಮಾನಿಸುತ್ತಾರೆ.

ನಿಮಗಾಗಿ ಬಡಿಯುತ್ತಲೇ ಇರುವ ಯಾರ ಹರಿವಾಣಕ್ಕೆ ನೀವಿನ್ನೂ ಉತ್ತರ ಕೊಟ್ಟಿಲ್ಲ?