ನೀರಿನ ಮೇಲಿನ ಕಿತ್ತಳೆ

"ಅದನ್ನ ತಿರುಗಿಸ್ಬೇಡ!"

ಬಾಸ್ತಿಯೆ ಕೂಗುವಷ್ಟರಲ್ಲಿ ರೆಮಿ ತಿರುಗಿಸಿಯಾಗಿತ್ತು. ತಪ್ಪು ಮಾಡಿದ ಮಗುವಿನಂತೆ ವಾರದಿಂದ ಗೋಡೆಗೆ ಮುಖ ಮಾಡಿ ನಿಂತಿದ್ದ ಚಿತ್ರದ ಮೇಲೆ ಕಿಟಕಿಯ ಬೆಳಕು ಬಿತ್ತು. ಬೆಳಗಿನ ಸೇನ್ ನದಿ. ಮಂಜು. ಮಂಜಿನೊಳಗಿಂದ ಆಗಷ್ಟೇ ಕಣ್ಣು ಬಿಡುತ್ತಿರುವ ನೀರು.

ರೆಮಿ ಟೋಪಿ ತೆಗೆದ. ಬೇರೆಯವರ ಚಿತ್ರಕ್ಕೆ ಟೋಪಿ ತೆಗೆಯುವ ಪೈಕಿಯವನಲ್ಲ ಅವನು.

"ಅಯ್ಯೋ ಕಳ್ಳ! ಇದನ್ನ ಬಚ್ಚಿಟ್ಕೊಂಡು ನನ್ನ ತಲೆಗೆ ಆ ಎಲೆಕೋಸಿನ ಹೊಲದ ಚಿತ್ರ ಕಟ್ಟೋಕೆ ನೋಡಿದ್ಯಾ?"

"ಇದು ಪ್ಯಾರಿಸ್ಸಿಗೆ ಬರಲ್ಲ."

"ಬರದೆ ಏನು? ಸರ್ಕಾರಿ ಪ್ರದರ್ಶನದ ಮುದುಕರು ನಮ್ಮನ್ನ ಬಾಗಿಲಿಂದಾಚೆ ಅಟ್ಟಿದ್ರು. ಈಗ ಪ್ರದರ್ಶನಕ್ಕೆ ನಾವೇ ಬಾಡಿಗೆಗೆ ಹಿಡಿದ ಕೋಣೆ, ನಮ್ಮದೇ ಗೋಡೆ. ನಡುಮಧ್ಯೆ ಇದೇ ತೂಗ್ಬೇಕು. ಅಬ್ಬಾ, ನೀರಲ್ಲಿ ಈ ಕಿತ್ತಳೆ ನೋಡು! ಕುಂಚದ್ದು ಎರಡೇ ಏಟು. ಅದಕ್ಕೆ ಜವಾಬು ಕೊಡೋ ಹಾಗೆ ಆಚೆ ದಡದಲ್ಲಿ ನೀಲಿ. ಹೇಗೆ ಹೊಳೀತೋ ನಿಂಗೆ?"

"ಹೊಳೀಲಿಲ್ಲ. ಅಲ್ಲಿತ್ತು, ಹಾಕಿದೆ."

"ಮತ್ತೆ? ಅದೇ ತಾನೆ ನಮ್ಮ ಮತ! ಕಣ್ಣಿಗೆ ಬಿದ್ದದ್ದು ಮರವೋ ದೋಣಿಯೋ ಅಂತ ಕೇಳ್ಬೇಡ, ಯಾವ ಬಣ್ಣ ಅಂತಷ್ಟೇ ಕೇಳು."

ಹಿಂದೆಲ್ಲ ಆ ಮಾತನ್ನು ಬಾಸ್ತಿಯೆಯೇ ಕಾಫಿ ಅಂಗಡಿಯ ಮೇಜು ಗುದ್ದಿ ಹೇಳುತ್ತಿದ್ದ. ಇವತ್ತು ಅದನ್ನು ಕೇಳಿ ಕಿಟಕಿಯ ಕಡೆ ತಿರುಗಿದ.

"ಓನೊರೆ ಸತ್ತ ಬೆಳಿಗ್ಗೆ ಬರೆದಿದ್ದು" ಎಂದ.

ರೆಮಿಯ ನಗು ಇಳಿಯಿತು. ಭಾನುವಾರದ ಪ್ಯಾರಿಸ್ಸಿನವರಿಗೆ ದೋಣಿ ಬಾಡಿಗೆ ಕೊಡುತ್ತಿದ್ದ ಓನೊರೆಯನ್ನು ಈ ದಡದಲ್ಲಿ ಅರಿಯದವರಿಲ್ಲ. ಮಂಜಿನಲ್ಲಿ ದೋಣಿಯಿಂದ ಜಾರಿ ಬಿದ್ದ. ಜೀವನವೆಲ್ಲ ನೀರಿನ ಮೇಲೆ ಕಳೆದವನಿಗೆ ಈಜು ಬರುತ್ತಿರಲಿಲ್ಲ. ಕೆಂಪು ಉಣ್ಣೆ ಅಂಗಿಯ ಹೆಣ ಒಡ್ಡಿನ ಬಳಿ ಸಿಕ್ಕಿತು. ಹೆಂಡತಿ ಸೆಲೆಸ್ತಿನ್ ಆ ಬೆಳಿಗ್ಗೆ ಪೊಂತ್ವಾಜಿನಲ್ಲಿ ತಂಗಿಯ ಮನೆಯಲ್ಲಿದ್ದಳಂತೆ. ನದಿಯಲ್ಲಿದ್ದವನು ಬಾಸ್ತಿಯೆ ಒಬ್ಬನೇ, ಜೊಂಡಿನ ನಡುವೆ ದೋಣಿ ಕಟ್ಟಿಕೊಂಡು ಬರೆಯುತ್ತಾ.

"ಒಡ್ಡಿನ ಸದ್ದಲ್ಲಿ ಯಾರ ಕೂಗು ಕೇಳ್ಸುತ್ತೆ? ಪೊಲೀಸರಿಗೆ ಹೇಳಿದೆಯಲ್ಲ, ಏನೂ ನೋಡ್ಲಿಲ್ಲ ಅಂತ."

"ಹ್ಞೂಂ. ಹೇಳಿದೆ."

"ಸರಿ ಹಾಗಾದ್ರೆ. ಕೊರಗಬೇಡ. ನಾನು ಗಾಡಿ ತರ್ತೀನಿ."

ರೆಮಿ ಇಳಿದು ಹೋದ. ಮೆಟ್ಟಿಲ ಮೇಲೆ ಯಾರಿಗೋ ದಾರಿ ಬಿಟ್ಟದ್ದು ಕೇಳಿಸಿತು. ಹಗುರ ಹೆಜ್ಜೆ. ಬಾಸ್ತಿಯೆ ಚಿತ್ರವನ್ನು ಮತ್ತೆ ಗೋಡೆಗೆ ತಿರುಗಿಸಲು ಓಡಿದ. ಆಗಲೇ ಹೊಸ್ತಿಲಲ್ಲಿ ಸೆಲೆಸ್ತಿನ್ ನಿಂತಿದ್ದಳು.

ಕಪ್ಪುಡುಗೆ. ಅವನ ಬಣ್ಣದ ಹಲಗೆಯಲ್ಲಿ ಕಪ್ಪಿಗೆ ಜಾಗವಿರಲಿಲ್ಲ. ಅವಳ ಶೋಕದ ಮಡಿಕೆಗಳಲ್ಲೂ ಅವನಿಗೆ ಕಂಡದ್ದು ನೇರಳೆ. ಶಾಲು ಸರಿಸಿದಾಗ ಮಣಿಕಟ್ಟಿನ ಮೇಲೆ ಹಳೆಯ ಏಟಿನ ಮಾಸಿದ ಹಳದಿ, ಅಂಚಿಗೆ ಹಸಿರು. ಎಷ್ಟು ಮೃದುವಾದ ಹಳದಿ, ಎಂದುಕೊಂಡ. ಹಾಗೆ ಅಂದುಕೊಂಡದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

"ಅವತ್ತಿನ ಚಿತ್ರ ಪ್ಯಾರಿಸ್ಸಿಗೆ ಹೋಗುತ್ತಂತೆ. ಮೆಟ್ಟಿಲಲ್ಲಿ ನಿಮ್ಮ ಗೆಳೆಯರು ಅಂದ್ರು" ಎಂದಳು. "ಅಲ್ಲಿ ಯಾರು ಬೇಕಾದ್ರೂ ನೋಡಬಹುದಾ, ಮುಸ್ಯೂ?"

"ಕಳಿಸಲ್ಲ ಮದಾಂ. ಆಣೆ."

"ಒಂದ್ಸಲ ನೋಡ್ಲಾ?"

ಅವನು ಪಕ್ಕಕ್ಕೆ ಸರಿದ. ಅವಳು ಹತ್ತಿರ ಬಂದಳು. ಚಿತ್ರದ ಒಂದು ತುದಿಯಿಂದ ಇನ್ನೊಂದು ತುದಿಗೆ, ಹೊಲಿಗೆ ಬಿಚ್ಚಿದೆಯೇ ಎಂದು ಬಟ್ಟೆ ನೋಡುವ ಹಾಗೆ ನೋಡಿದಳು.

"ಅವತ್ತು ನೀವು ಕಂಡದ್ದೆಲ್ಲಾ ಇದರಲ್ಲಿದೆಯಾ?"

"ಇದೆ."

"ಏನೂ ಬಿಟ್ಟಿಲ್ವಾ?"

"ಕಂಡದ್ದನ್ನ ಬಿಡೋರಲ್ಲ ನಾವು. ಅದೇನು ಅಂತ ಮಾತ್ರ ಕೇಳ್ಕೊಳ್ಳಲ್ಲ." ಅವನಿಗೆ ಇನ್ನು ತಡೆಯಲಾಗಲಿಲ್ಲ. "ಮದಾಂ, ಆ ಕಿತ್ತಳೆ... ಬಿಸಿಲಿನ ತುಣುಕು ಅಂದ್ಕೊಂಡೆ. ತೇಲ್ತಾ ಇತ್ತು, ಮುಳುಗ್ತಾ ಇತ್ತು. ಆರಿಹೋಗೋ ಮೊದಲು ಹಿಡೀಬೇಕು ಅಂತ ಅವಸರ ಪಟ್ಟೆ. ಕೆಂಪು ಅಂಗಿ ಅಂತ ಹೊಳೆದದ್ದು ಹೆಣ ಎತ್ತಿದಾಗ. ನಾನು ಹುಟ್ಟು ಹಿಡೀಬೇಕಿದ್ದ ಹೊತ್ತಲ್ಲಿ ಕುಂಚ ಹಿಡಿದಿದ್ದೆ. ನಿಮ್ಮ ಗಂಡ ಸಾಯೋದನ್ನ ನಾನು ಚಂದ ಅಂದ್ಕೊಂಡು ಬರೆದುಬಿಟ್ಟೆ."

ಅವಳು ಅಳಲಿಲ್ಲ. ಬೈಯಲೂ ಇಲ್ಲ.

"ಮುಳುಗೋನು ಕೊನೇಗೆ ತನ್ನೋರ ಕಡೆಗೇ ಮುಖ ತಿರುಗಿಸ್ತಾನೆ ಅಂತಿದ್ಲು ನಮ್ಮಜ್ಜಿ" ಎಂದಳು ಮೆಲ್ಲಗೆ. "ಅವರು ಯಾವ ಕಡೆ ತಿರುಗಿದ್ರು?"

"ನನಗೆ ಬೆನ್ನು ಮಾಡಿದ್ರು. ಆಚೆ ದಡದ ಕಡೆ."

"ಹಾಗಾ." ಮತ್ತೆ ಚಿತ್ರದ ಕಡೆ ಬಗ್ಗಿದಳು. "ಬಣ್ಣ ಇನ್ನೂ ಹಸಿ ಇದೆಯಾ?"

"ಇದೆ."

"ಆ ಚಾಕು ಕೊಡ್ತೀರಾ?"

ಬಣ್ಣ ಹೆರೆಯುವ ಚಾಕನ್ನು ಬಾಸ್ತಿಯೆ ಎರಡೂ ಕೈಯಲ್ಲಿ ಕೊಟ್ಟ. ತನ್ನವನನ್ನು ಅವಳು ಈ ನೀರಿನಿಂದಲಾದರೂ ಎತ್ತಿಕೊಳ್ಳಲಿ. ಆ ಹಕ್ಕು ಅವಳದು. ತಲೆ ತಗ್ಗಿಸಿದ. ಚಾಕು ಬಟ್ಟೆಯ ಮೇಲೆ ಕರಕರ ಎಂದಿತು. ಅವನು ಮುಖ ಎತ್ತಿದಾಗ ಕಿತ್ತಳೆ ಇದ್ದಲ್ಲೇ ಉರಿಯುತ್ತಿತ್ತು.

"ಅವರು ಇರ್ಲಿ ಬಿಡಿ" ಎಂದಳು ಸೆಲೆಸ್ತಿನ್. ಆಚೆ ದಡದ ಮರಗಳ ಕೆಳಗೆ ಕೈಕಟ್ಟಿ ನಿಂತು ನೀರನ್ನೇ ನೋಡುತ್ತಿದ್ದ ನೀಲಿ ಉಡುಪಿನ ಹೆಂಗಸನ್ನು ಕೊನೆಯ ಎಳೆಯವರೆಗೂ ಹೆರೆದು ತೆಗೆದಳು.