ಬೆಳಗ್ಗೆ ಬಗ್ಗಿಸುವ ಹೆಡ್‌ಫೋನ್

ದುಬಾರಿ ಹೆಡ್‌ಫೋನ್ ಸುತ್ತಲಿನ ಸದ್ದನ್ನು ನುಂಗಿ ಅರಗಿಸಿಕೊಳ್ಳುತ್ತದೆ. ಅಗ್ಗದ್ದು ತುಂಬಿಟ್ಟುಕೊಳ್ಳುತ್ತದೆ, ಬೆಳಗ್ಗೆ ಚೊಂಬಿನಂತೆ ಬಗ್ಗಿಸಬೇಕು. ರಾತ್ರಿಯಿಡೀ ಗೇಮ್ ಆಡುವ ಸರ್ವಮಂಗಳ ಬೇಕೆಂದೇ ಅಗ್ಗದ್ದನ್ನು ತಂದಳು. "ನಾನೆಲ್ಲಿ ಗೊರಕೆ ಹೊಡೀತೀನಿ?" ಎನ್ನುವ ಗಂಡನಿಗೆ ಸಾಕ್ಷಿ ಬೇಕಿತ್ತು.

ಮರುದಿನ ಕಾಫಿ ಕುಡಿಯುತ್ತಿದ್ದವನ ಮುಂದೆ ಬಗ್ಗಿಸಿದಳು. "ಕೇಳ್ರೀ." ಗೊರಕೆ ಗೊರಗೊರ ಸುರಿಯಿತು. ಗಂಡ ತಲೆ ತಗ್ಗಿಸಿದ. ಅವಳು ಬೀಗುವಷ್ಟರಲ್ಲಿ ತಳದಲ್ಲಿದ್ದ ಅವಳದೇ ದನಿ ಹೊರಬಿತ್ತು: "ಲೋ ಬಕಾಸುರ, ಮತ್ತೆ ನನ್ನ ಕೋಟೆ ಸುಟ್ಟೆಯಾ? ನಿನ್ನ ವಂಶ ನಿರ್ವಂಶ ಆಗ."

"ಯಾರೇ ಅದು?" ಎಂದ ಗಂಡ.

"ಗೇಮಲ್ಲಿ ಸಿಗೋ ಯಾವನೋ ಪೋಲಿ."

ದೇವರ ಕೋಣೆಯಿಂದ ಅತ್ತೆ ಹೊರಬಂದರು. ಕೊರಳಲ್ಲಿ ಜಪಮಾಲೆ, ಅದರ ಮೇಲೊಂದು ದುಬಾರಿ ಹೆಡ್‌ಫೋನ್.

"ಬಕಾಸುರ ನಾನೇ ಕಣಮ್ಮ. ನನ್ನ ವಂಶ ಅಂದ್ರೆ ಇಗೋ, ಕಾಫಿ ಕುಡೀತಾ ಕೂತಿದೆಯಲ್ಲ, ಇದೊಂದೇ."