ಬಲಗಡೆಯ ಜೋಡಿ

ತುಮಕೂರಿನ ಆಸ್ಪತ್ರೆಯೊಂದರಲ್ಲಿ, ಆಪರೇಷನ್ ಥಿಯೇಟರಿನಿಂದ ಹೊರಬಂದ ಡಾಕ್ಟರ್ ನಾಗಭೂಷಣ್ ಮಾಸ್ಕ್ ತೆಗೆಯುವುದನ್ನೂ ಮರೆತು ಮಾತಿಗಿಳಿದರು.

“ಮಗೂಗೆ ಎಡಗಡೆ ಬೀಜ ಇಲ್ಲ, ವೃಷಣದ ಚೀಲ ಖಾಲಿ ಅಂತಿದ್ರಲ್ಲ ಅಶ್ವಥ್, ಬಲಗಡೆ ಹರ್ನಿಯಾ ಬಿಡಿಸಿದ್ರೆ ಎರಡೂ ಅಲ್ಲೇ ಕೂತಿದಾವೆ! ಎಡಗಡೇದು ತಾಯಿ ಹೊಟ್ಟೇಲೇ ದಾರಿ ಬಿಟ್ಟು ಈ ಕಡೆ ಇಳಿದುಬಿಟ್ಟಿದೆ. ರಕ್ತನಾಳ ಮಾತ್ರ ಎಡಗಡೆಯಿಂದ್ಲೇ ಅದನ್ನ ಹುಡುಕ್ಕೊಂಡು ಬಂದಿದೆ ನೋಡಿ. ಇಪ್ಪತ್ತೆರಡು ವರ್ಷದಲ್ಲಿ ನಾನು ಕಂಡಿದ್ದು ಇದೇ ಮೊದಲು. ಅದರ ಜಾಗಕ್ಕೆ ಕೂರಿಸಿದೀನಿ. ಮಗು ಆರಾಮಾಗಿದೆ.”

ಅಶ್ವಥನ ಮೈ ಜುಮ್ಮೆಂದಿತು. ಹುಟ್ಟುವ ಮೊದಲೇ, ಕತ್ತಲಲ್ಲಿ, ತನ್ನ ಮಗನೊಳಗೆ ಇಷ್ಟೆಲ್ಲ ಸಂಚಾರ ನಡೆದಿತ್ತೇ! ಹೆಂಡತಿ ಅರುಣಾ ಮಗುವಿನ ಬಳಿಗೆ ಓಡಿದಳು. ಸುದ್ದಿಯನ್ನು ಹುತ್ರಿದುರ್ಗದಲ್ಲಿದ್ದ ತಾಯಿ ಚಿಕ್ಕಮಾರಮ್ಮನಿಗೆ ಹೇಳಬೇಕು. ಎಷ್ಟು ಕರೆದರೂ ಆಕೆ ಆಸ್ಪತ್ರೆಗೆ ಬಂದಿರಲಿಲ್ಲ. ಆದರೆ ಯಾರ ದನಿಯನ್ನಾದರೂ ಎರಡೇ ಮಾತಿನಲ್ಲಿ ಕದಿಯಬಲ್ಲ ಅಶ್ವಥನಿಗೆ ನೆಟ್ಟಗೆ ಹೇಳಿ ಗೊತ್ತಿರಲಿಲ್ಲ. ತನ್ನ ನಂಬರ್ ಕಾಣದಿರಲೆಂದು ನರ್ಸ್ ಪ್ರೇಮಲತಾ ಅವರ ಫೋನ್ ಇಸಿದುಕೊಂಡು, ಡಾಕ್ಟರ ದಪ್ಪ ದನಿ ತೆಗೆದ.

“ಚಿಕ್ಕಮಾರಮ್ಮನವರಾ? ಡಾಕ್ಟರ್ ಮಾತಾಡ್ತಿರೋದು. ಆಪರೇಷನ್ ಚೆನ್ನಾಗಾಯ್ತು. ಆದ್ರೆ ಆ ಎಡಗಡೇದು ಎಲ್ಲಿಗೋಯ್ತು ಅಂತ ನೀವೇ ಹೇಳ್ಬೇಕಲ್ಲ? ಮಗೂಗೆ ಎಣ್ಣೆ ನೀರು ಹಾಕ್ತಿದ್ದೋರು ನೀವಂತೆ!”

ಆ ಕಡೆಯಿಂದ ಬಿಕ್ಕು ಕೇಳಿಸಿತು.

“ನಂದೇ ತಪ್ಪು ಸಾಮಿ. ಕಾಲ್ ಮೇಲೆ ಮನಗಿಸ್ಕಂಡು ನೀವುವಾಗ ಜೋರಾಗಿ ಒತ್ಬುಟ್ಟೆ. ಅವತ್ತೇ ನೋಡ್ದೆ, ಎಡಗಡೆ ಖಾಲಿ. ನಾನೇ ಒಳೀಕೆ ತಳ್ಬುಟ್ನಲ್ಲ ಅಂತ ಯಾರ್ಗೂ ಬಾಯಿ ಬುಡ್ನಿಲ್ಲ. ಸೊಸೆ ಈಗ ಮತ್ತೆ ಬಸುರಿ. ಆ ಮಗೀನ ಮಾತ್ರ ನಾ ಮುಟ್ಟಾಕಿಲ್ಲ ಸಾಮಿ.”

ಡಾಕ್ಟರ ದನಿ ಅಶ್ವಥನ ಗಂಟಲಲ್ಲೇ ಕರಗಿತು.

“ಅವ್ವಾ, ನಾನು ಕಣವ್ವ, ಅಶ್ವಥ. ನೀನೇನೂ ಮಾಡಿಲ್ಲ. ಅರುಣನ ಹೊಟ್ಟೇಲಿದ್ದಾಗ್ಲೇ ಅದು ಬಲಗಡೆಗೆ ಹೋಗಿ ಕೂತಿತ್ತಂತೆ. ಡಾಕ್ಟ್ರೇ ಹೇಳಿದ್ರು.”

“ಹುಟ್ಟಾಕೆ ಮುಂಚೇನಾ?”

“ಹೂಂ ಕಣವ್ವ.”

“ನಾ ಮುಟ್ಟಾಕೆ ಮುಂಚೇನಾ?”

“ಹೂಂ. ತಪ್ಪಾಯ್ತು ಕಣವ್ವ, ತಮಾಷೆಗೆ...”

“ಥೂ, ನಿನ್ನ!” ಎಂದವಳೇ ಚಿಕ್ಕಮಾರಮ್ಮ ನಗತೊಡಗಿದಳು. ಅಶ್ವಥ್ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. ಪ್ರೇಮಲತಾ ನಕ್ಕರು, ಡಾಕ್ಟರೂ ನಕ್ಕರು. ಆಕೆಯ ನಗುವಿನ ಮುಂದೆ ಅವೆಲ್ಲ ಪಿಸುಮಾತು.

“ಅಷ್ಟು ಸಣ್ಣದು, ಎಷ್ಟು ದೂರ ನಡೆದೈತಲ್ಲಾ!” ಎಂದು ಉಸಿರೆಳೆದುಕೊಂಡು, ಆಕೆ ಇದ್ದಕ್ಕಿದ್ದಂತೆ ಕೇಳಿದಳು: “ಅರುಣಂಗೆ ಈಗ ಎಷ್ಟ್ನೇ ತಿಂಗ್ಳ್ಲಾ? ಹರಳೆಣ್ಣೆ ಕಾಯ್ಸಿ ಇಟ್ಕಬೇಕು.”